ನಮ್ಮ ಮನೆಯಲ್ಲಿ ಉಳಿಯಬೇಡಿ

ಮುಂಬಯಿಯಿಂದ ಹಡಗು ಹತ್ತಿ ಗೋವೆಗೋ ಲಕ್ಷದ್ವೀಪಕ್ಕೋ ಹೋಗಿಬರುವ ವಿಹಾರ ಒಂದು ಕಾಲಕ್ಕೆ ನಮ್ಮಂಥವರ ಲೆಕ್ಕಕ್ಕೇ ಬಾರದ ಸಂಗತಿಯಾಗಿತ್ತು. 2021ರ ಸೆಪ್ಟೆಂಬರಿನಲ್ಲಿ ಕಾರ್ಡೀಲಿಯಾ ಕಂಪನಿಯ ‘ಎಂಪ್ರೆಸ್’ ಇಲ್ಲಿಂದ ಓಡತೊಡಗಿದ ಮೇಲೆ ದಾವಣಗೆರೆಯ ಬ್ಯಾಂಕ್ ನೌಕರನೂ ಶಿರಸಿಯ ಅಡಿಕೆ ಬೆಳೆಗಾರನೂ ಅದರ ದರಪಟ್ಟಿಯನ್ನು ವಿಚಾರಿಸುವಂತಾಗಿದೆ. ಸಂತೋಷವೇ. ಆದರೆ ಟಿಕೆಟ್ಟು ಕೈಗೆ ಬಂದ ಮರುದಿನ ಇವರಲ್ಲಿ ಹಲವರು ಮಾಡುವ ಮೊದಲ ಫೋನು ಮುಂಬಯಿಯ ನೆಂಟರಿಗೆ: “ಹಿಂದಿನ ರಾತ್ರಿ ನಿಮ್ಮಲ್ಲೇ ಉಳಿದುಕೊಳ್ಳುತ್ತೇವೆ.” ನಾವೂ ಅಷ್ಟೇ ಉತ್ಸಾಹದಿಂದ “ಮತ್ತೆಲ್ಲಿ ಉಳಿಯುತ್ತೀರಿ? ಬನ್ನಿ” ಎನ್ನುತ್ತೇವೆ. ಮೊದಲನೆಯ ಮಾತು ತಪ್ಪು; ಎರಡನೆಯದು ಅದಕ್ಕಿಂತ ದೊಡ್ಡ ತಪ್ಪು. ಹಡಗು ಹತ್ತುವವರು ಹಿಂದಿನ ರಾತ್ರಿಯನ್ನು ಬಂದರಿಗೆ ಹತ್ತಿರದ ಒಂದು ಸಾದಾ ಲಾಡ್ಜಿನಲ್ಲಿ, ತಮ್ಮದೇ ಖರ್ಚಿನಲ್ಲಿ ಕಳೆಯಬೇಕು ಎಂದು ಇಲ್ಲಿ ವಾದಿಸುತ್ತಿದ್ದೇನೆ. ಕೇಳಲು ಒರಟಾಗಿದೆ, ಬಲ್ಲೆ. ಈ ವಾದಕ್ಕೆ ನಾನು ಬಂದದ್ದು ನನ್ನದೇ ತಪ್ಪಿನಿಂದ.

ಎರಡು ವರ್ಷದ ಹಿಂದಿನ ಡಿಸೆಂಬರಿನಲ್ಲಿ ಅಕ್ಕ, ಭಾವ, ಅವರ ಮಗಳು ಮತ್ತು ಭಾವನ ತಾಯಿ ಗೋವೆಯ ಹಡಗಿಗೆಂದು ದಾವಣಗೆರೆಯಿಂದ ಹೊರಟರು. ನಾಲ್ವರ ವೆಚ್ಚ ಒಂದು ಲಕ್ಷಕ್ಕೆ ಸಮೀಪ. ಭಾವ ಲೆಕ್ಕದ ಮನುಷ್ಯ. ಫೋರ್ಟಿನ ಒಂದು ಲಾಡ್ಜಿನಲ್ಲಿ 2,800 ರೂಪಾಯಿಯಂತೆ ಎರಡು ಕೋಣೆಗಳನ್ನು ಆಗಲೇ ಕಾದಿರಿಸಿದ್ದರು. ಅದನ್ನು ಕೇಳಿ ನಾನು ಕೆರಳಿದೆ. “ತಮ್ಮನ ಮನೆ ಇರುವಾಗ ಲಾಡ್ಜಿಗೆ ಹೋಗುತ್ತೀರಾ? ನಾಲ್ಕು ಜನ ಏನೆಂದಾರು?” ಎಂದು ಹಟ ಹಿಡಿದು ಕೋಣೆಗಳನ್ನು ರದ್ದು ಮಾಡಿಸಿದೆ. ಆ ನಾಲ್ಕು ಜನ ಯಾರೆಂಬುದು ಇಂದಿಗೂ ನನಗೆ ಗೊತ್ತಿಲ್ಲ.

ನನ್ನ ಮನೆ ಇರುವುದು ಡೊಂಬಿವಲಿಯಲ್ಲಿ, ಸಿಎಸ್‌ಎಂಟಿಯಿಂದ 48 ಕಿಲೋಮೀಟರು. ಒಂದು ಮಲಗುವ ಕೋಣೆ, ಒಂದು ಬಚ್ಚಲು, ಬೆಳಿಗ್ಗೆ ಒಂದೂವರೆ ಗಂಟೆ ಬರುವ ನೀರು. ಶನಿವಾರ ರಾತ್ರಿ ಒಬ್ಬಟ್ಟಿನ ಊಟ, ಊರಿನ ಸುದ್ದಿ. ಮಲಗಿದ್ದು ಒಂದು ಗಂಟೆಗೆ. ಭಾನುವಾರ ಏಳು ಜನರ ಸ್ನಾನ ಮುಗಿದು ನಾವು ಮನೆ ಬಿಟ್ಟಾಗ ಹತ್ತೂ ಮುಕ್ಕಾಲು. ಭಾನುವಾರ ಮಧ್ಯ ರೈಲ್ವೆಯಲ್ಲಿ ಮೆಗಾಬ್ಲಾಕ್ ಇರುತ್ತದೆಂಬುದು ಇಪ್ಪತ್ತು ವರ್ಷ ಲೋಕಲ್ಲಿನಲ್ಲಿ ಓಡಾಡಿದ ನನಗೆ ತಿಳಿಯದ್ದಲ್ಲ. ಆದರೆ ಆತಿಥ್ಯದ ಅಮಲಿನಲ್ಲಿ ಅದು ಮರೆತುಹೋಗಿತ್ತು. ವೇಗದ ಗಾಡಿಗಳೂ ನಿಧಾನದ ಹಳಿಗೆ ಬಿದ್ದು, ಪ್ಲಾಟ್‌ಫಾರ್ಮಿನ ತುಂಬ ಜನ. ನಾಲ್ಕು ಸೂಟ್‌ಕೇಸು ಮತ್ತು ಎಪ್ಪತ್ತೇಳು ವರ್ಷದ ಒಬ್ಬ ಹೆಂಗಸನ್ನು ಹಿಡಿದುಕೊಂಡು ಎರಡು ಗಾಡಿ ಬಿಟ್ಟೆವು. ಆಮೇಲೆ ಹೊರಗೆ ಬಂದು ಟ್ಯಾಕ್ಸಿ ಹಿಡಿದೆವು. ಶಿಳ್ ಫಾಟಾದಲ್ಲಿ ಮುಕ್ಕಾಲು ಗಂಟೆ ನಿಂತೆವು. ಮುಂದೆ ಈಸ್ಟರ್ನ್ ಫ್ರೀವೇಯ ಮೇಲೆ ಯಾವುದೋ ಲಾರಿ ಕೆಟ್ಟು ಮತ್ತೆ ಅರ್ಧ ಗಂಟೆ. ಎರಡೂವರೆಗೆ ಮುಚ್ಚುವುದೆಂದು ಟಿಕೆಟ್ಟಿನಲ್ಲಿ ಬರೆದಿದ್ದ ದ್ವಾರದ ಮುಂದೆ ನಾವು ಇಳಿದಾಗ ಎರಡು ಗಂಟೆ ಐವತ್ತು ನಿಮಿಷ. ಹಡಗು ಇನ್ನೂ ಅಲ್ಲೇ ಇತ್ತು. ಒಳಗೆ ಬಿಡಲಿಲ್ಲ.

ಅವರದು ತಪ್ಪಲ್ಲ. ಹಡಗಿಗೆ ಪ್ರಯಾಣಿಕರ ಪಟ್ಟಿ ಮೊದಲೇ ಮುಗಿದು ಅಧಿಕಾರಿಗಳ ಕೈಸೇರಬೇಕು. ಬಂದರಿನ ಪೈಲಟ್, ಎಳೆಯುವ ಟಗ್ಗು, ಕಟ್ಟೆಯ ಜಾಗ ಎಲ್ಲವೂ ಗಂಟೆಗಂಟೆಗೆ ಬೇರೆಯವರಿಗೆ ಹಂಚಿಹೋಗಿರುತ್ತವೆ. ಸಿಎಸ್‌ಎಂಟಿಯಲ್ಲಿ ರೈಲು ತಪ್ಪಿದವನು ಅದೃಷ್ಟವಿದ್ದರೆ ಕಲ್ಯಾಣದಲ್ಲಿ ಅದನ್ನು ಹಿಡಿದಾನು. ಹಡಗು ತಪ್ಪಿದವನಿಗೆ ಮುಂದಿನ ನಿಲ್ದಾಣ ಗೋವೆ. ಒಂದು ಕಾಲದಲ್ಲಿ ಹಡಗಿನಿಂದ ಇಳಿದ ಸಾಹೇಬರಿಗಾಗಿ ಬಲ್ಲಾರ್ಡ್ ಪಿಯರ್ ಮೋಲ್ ಎಂಬ ನಿಲ್ದಾಣಕ್ಕೇ ರೈಲು ಬಂದು ನಿಲ್ಲುತ್ತಿತ್ತು; 1928ರಲ್ಲಿ ಆರಂಭವಾದ ಫ್ರಾಂಟಿಯರ್ ಮೇಲ್ ಅವರನ್ನು ಅಲ್ಲಿಂದಲೇ ಪೇಶಾವರದ ಕಡೆಗೆ ಒಯ್ಯುತ್ತಿತ್ತು. ಈಗ ಆ ನಿಲ್ದಾಣವೂ ಇಲ್ಲ, ನಾವು ಸಾಹೇಬರೂ ಅಲ್ಲ. ನಮ್ಮ ಸಮಯವನ್ನು ನಾವೇ ನೋಡಿಕೊಳ್ಳಬೇಕು.

ಆ ಸಂಜೆ ಭಾವ ನನಗೆ ಒಂದು ಮಾತೂ ಅನ್ನಲಿಲ್ಲ. ಅಕ್ಕ “ಹೋಗಲಿ ಬಿಡೋ, ನಿನ್ನ ಮನೆಯಲ್ಲಿ ಇನ್ನೆರಡು ದಿನ ಇದ್ದ ಹಾಗಾಯಿತು” ಎಂದಳು.

ಇನ್ನು ವಾದಕ್ಕೆ ಬರುತ್ತೇನೆ. ‘ಲಾಡ್ಜು’ ಎಂದರೆ ನಾವು ಮೂಗು ಮುರಿಯುವುದಕ್ಕೆ ಮೊದಲ ಕಾರಣ ಭಾಷೆಯಲ್ಲೇ ಇದೆ. ಕನ್ನಡದಲ್ಲಿ ಹೋಟೆಲೆಂದರೆ ತಿನ್ನುವ ಜಾಗ, ಇಡ್ಲಿ ಸಾಂಬಾರಿನ ಜಾಗ. ಅಲ್ಲಿಗೆ ಹೆಂಡತಿ ಮಕ್ಕಳೊಡನೆ ಹೆಮ್ಮೆಯಿಂದಲೇ ಹೋಗುತ್ತೇವೆ. ಮಲಗುವ ಜಾಗಕ್ಕೆ ನಾವು ಕೊಟ್ಟ ಹೆಸರು ಲಾಡ್ಜು, ಮತ್ತು ಆ ಪದ ನಮ್ಮ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದು ಹೆಚ್ಚಾಗಿ ಅಪರಾಧ ಸುದ್ದಿಯ ಪುಟದಲ್ಲಿ. ಹೀಗಾಗಿ ಮರ್ಯಾದಸ್ಥರು ಊಟಕ್ಕೆ ಹಣ ಕೊಡಬಹುದು, ನಿದ್ದೆಗೆ ಕೊಡಬಾರದು ಎಂಬ ವಿಚಿತ್ರ ನೀತಿಯೊಂದು ನಮ್ಮೊಳಗೆ ಬೇರುಬಿಟ್ಟಿದೆ. ಹಡಗಿನಲ್ಲಿ ಒಂದು ರಾತ್ರಿಯ ನಿದ್ದೆಗೆ ಹತ್ತು ಸಾವಿರ ಕೊಟ್ಟವರೇ ದಡದ ಮೇಲಿನ ರಾತ್ರಿಗೆ ಎರಡು ಸಾವಿರ ಕೊಡುವುದನ್ನು ದುಂದೆನ್ನುತ್ತಾರೆ.

ಇನ್ನೊಂದು ಕಾರಣ ನಮ್ಮ ಮುಂಬಯಿ ಪುರಾಣ. ಕರಾವಳಿಯ ಹುಡುಗರು ಹಡಗಿನಲ್ಲಿ ಬಂದು ಭಾವುಚಾ ಧಕ್ಕಾದಲ್ಲಿ ಇಳಿದರು (ಮಂಗಳೂರಿನವರು ಬಂದರಿನ ಕಟ್ಟೆಯನ್ನು ಇಂದಿಗೂ ದಕ್ಕೆ ಎನ್ನುತ್ತಾರೆ), ಹಗಲು ಹೋಟೆಲಿನಲ್ಲಿ ದುಡಿದರು, ಸಂಜೆ ರಾತ್ರಿಶಾಲೆಯಲ್ಲಿ ಓದಿದರು, ಅಡುಗೆಮನೆಯ ನೆಲದ ಮೇಲೆ ಮಲಗಿದರು. ನಿಜ, ಅವರ ಬೆನ್ನ ಮೇಲೆಯೇ ಇಲ್ಲಿನ ಕನ್ನಡ ಸಂಘಗಳು ನಿಂತಿವೆ. ಆದರೆ ಅವರು ನೆಲದ ಮೇಲೆ ಮಲಗಿದ್ದು ಬೇರೆ ದಾರಿಯಿಲ್ಲದೆ, ನೆಲವೇ ಶ್ರೇಷ್ಠವೆಂದಲ್ಲ. ಅವರ ಕಷ್ಟವನ್ನು ಇಂದಿನ ವಿಹಾರ ಪ್ರವಾಸಿಯ ಉಳಿತಾಯಕ್ಕೆ ಸಮರ್ಥನೆಯಾಗಿ ಬಳಸುವುದು ಅವರಿಗೂ ಅಗೌರವ.

ಹಾಗಾದರೆ ಎಂಥ ಕೋಣೆ? ‘ಅಗ್ಗ’ ಎನ್ನುವುದನ್ನು ಸರಕಾರದಿಂದ ಕಲಿಯಬೇಡಿ. ಕೇಂದ್ರ ಸರಕಾರದ 2017ರ ಆದೇಶದಂತೆ ಪ್ರವಾಸದ ಮೇಲೆ ಹೋದ 6ರಿಂದ 8ನೇ ಹಂತದ ನೌಕರನ ಕೋಣೆಗೆ ದಿನಕ್ಕೆ 750 ರೂಪಾಯಿ, 9ರಿಂದ 11ನೇ ಹಂತದವನಿಗೆ 2,250. ತುಟ್ಟಿಭತ್ಯೆ ಏರಿದಂತೆ ಇದೂ ಕೊಂಚ ಏರುವ ನಿಯಮವಿದೆ. 750ಕ್ಕೆ ದಕ್ಷಿಣ ಮುಂಬಯಿಯಲ್ಲಿ ಏನು ಸಿಗುತ್ತದೆಂಬುದನ್ನು ಆ ಆದೇಶ ಬರೆದವರು ಒಂದು ರಾತ್ರಿ ಪರೀಕ್ಷಿಸಿ ನೋಡಬೇಕಿತ್ತು. ನನ್ನ ಅಳತೆ ಬೇರೆ: ಹಡಗಿಗೆ ಕೊಟ್ಟ ಹಣದ ಹತ್ತರಲ್ಲೊಂದು ಪಾಲನ್ನು ದಡದ ರಾತ್ರಿಗೆಂದು ಮೊದಲೇ ಎತ್ತಿಡಿ. ಅದಕ್ಕಿಂತ ಕಡಿಮೆಗೆ ಸಿಕ್ಕಿದರೆ ಲಾಭ.

ಜಾಲತಾಣಗಳಲ್ಲಿ ‘ಮುಂಬಯಿ’ ಎಂದು ಹುಡುಕಿ ಕಡಿಮೆ ದರದಿಂದ ಮೇಲಕ್ಕೆ ಜೋಡಿಸಿಕೊಂಡರೆ ಮೊದಲು ಬರುವವು ವಾಶಿಯೋ ಪನವೇಲೋ ಮೀರಾ ರೋಡೋ ಆಗಿರಬಹುದು. ಊರಿನವರಿಗೆ ಇದೆಲ್ಲ ಒಂದೇ ಮುಂಬಯಿ. ಅಟಲ್ ಸೇತು ಆಗಿದೆಯಲ್ಲ, ನವಿ ಮುಂಬಯಿ ಹತ್ತಿರವೇ ಎನ್ನುವವರಿದ್ದಾರೆ. 21.8 ಕಿಲೋಮೀಟರಿನ ಆ ಸೇತುವೆಗೆ ಕಾರಿಗೆ ಒಂದು ಬದಿಗೆ 250 ರೂಪಾಯಿ ಸುಂಕ, ಮೇಲೆ ಟ್ಯಾಕ್ಸಿ ಬಾಡಿಗೆ. ಕೋಣೆಯಲ್ಲಿ ಉಳಿಸಿದ್ದು ಸಮುದ್ರದ ಮೇಲೆ ಕರಗುತ್ತದೆ. ವಿಮಾನ ನಿಲ್ದಾಣದ ಸುತ್ತಲಿನ ಕೋಣೆಗಳ ಬಗ್ಗೆಯೂ ನಾನು ಇದನ್ನೇ ಹೇಳುತ್ತಿದ್ದೆ. ಆದರೆ 2025ರ ಅಕ್ಟೋಬರಿನಲ್ಲಿ ಆರೆಯಿಂದ ಕಫ್ ಪರೇಡಿನವರೆಗೆ ನೆಲದಡಿಯ ಮೆಟ್ರೊ ಪೂರ್ತಿಯಾದ ಮೇಲೆ ಮಾತು ಸ್ವಲ್ಪ ಬದಲಾಗಿದೆ. ಮರೋಳದಲ್ಲೋ ದಾದರಿನಲ್ಲೋ ಮೆಟ್ರೊ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರ ಉಳಿದರೆ ಭಾನುವಾರದ ಮೆಗಾಬ್ಲಾಕಿನ ಹಂಗಿಲ್ಲದೆ ಸಿಎಸ್‌ಎಂಟಿ ಸೇರಬಹುದು. ಅಲ್ಲಿಂದ ಬಲ್ಲಾರ್ಡ್ ಪಿಯರ್ ಎರಡು ಕಿಲೋಮೀಟರಿನೊಳಗೆ. ಇಷ್ಟನ್ನು ಒಪ್ಪುತ್ತೇನೆ. ಆದರೂ ಜೊತೆಯಲ್ಲಿ ವಯಸ್ಸಾದವರಿದ್ದರೆ ಫೋರ್ಟ್, ಕೊಲಾಬಾ, ಸಿಎಸ್‌ಎಂಟಿಯ ಸುತ್ತು ಇಷ್ಟನ್ನು ಬಿಟ್ಟು ಆಚೆ ನೋಡಬೇಡಿ.

ಈ ಭಾಗದ ಅಗ್ಗದ ಕೋಣೆಗಳು ಹಳೆಯ ಕಟ್ಟಡಗಳ ಮೂರನೆಯ, ನಾಲ್ಕನೆಯ ಮಹಡಿಯಲ್ಲಿರುತ್ತವೆ. ಫೋಟೋದಲ್ಲಿ ಹಾಸಿಗೆ ಕಾಣುತ್ತದೆ, ಮೆಟ್ಟಿಲು ಕಾಣುವುದಿಲ್ಲ. ಆದ್ದರಿಂದ ಫೋನು ಮಾಡಿ ಕೇಳಿ: ಲಿಫ್ಟು ಇದೆಯೇ, ಅದು ನಡೆಯುತ್ತದೆಯೇ, ಕೋಣೆಗೆ ಕಿಟಕಿಯಿದೆಯೇ ಅಥವಾ ಪ್ಲೈವುಡ್ಡಿನ ಗೋಡೆಯೇ, ಬಚ್ಚಲು ಒಳಗೋ ಹೊರಗೋ. ಎಲ್ಲಕ್ಕಿಂತ ಮುಖ್ಯವಾಗಿ, ಕೋಣೆ ಎಷ್ಟು ಹೊತ್ತಿಗೆ ಬಿಡಬೇಕು. ಬೆಳಿಗ್ಗೆ ಹತ್ತಕ್ಕೆ ಹೊರಗೆ ಹಾಕುವ ಲಾಡ್ಜೂ ಇದೆ, ಬಂದ ಹೊತ್ತಿನಿಂದ ಇಪ್ಪತ್ನಾಲ್ಕು ಗಂಟೆ ಎಣಿಸುವ ಲಾಡ್ಜೂ ಇದೆ. ಮಧ್ಯಾಹ್ನ ಹಡಗು ಹತ್ತುವವರಿಗೆ ಎರಡನೆಯದು ನೂರಿನ್ನೂರು ಹೆಚ್ಚಾದರೂ ಅಗ್ಗ. ತೆರಿಗೆ ಸೇರಿಸಿ ದರ ಹೇಳಲು ಒತ್ತಾಯಿಸಿ. 2022ರ ಜುಲೈವರೆಗೆ ಸಾವಿರದೊಳಗಿನ ಕೋಣೆಗೆ ತೆರಿಗೆಯಿರಲಿಲ್ಲ, ಆಮೇಲೆ ಶೇ. 12 ಬಂತು, 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ಕೋಣೆಗೆ ಶೇ. 5 ಆಗಿದೆ. ಹಳೆಯ ಲೆಕ್ಕದಲ್ಲಿ ವಸೂಲಿ ಮಾಡಿದರೆ ಸುಮ್ಮನಿರಬೇಡಿ. ಕೊಲಾಬಾದಲ್ಲಿ ತಾಜ್ ಹೋಟೆಲಿನ ಹಿಂದೆಯೇ ಸಾಲ್ವೇಷನ್ ಆರ್ಮಿಯವರ ಅತಿಥಿಗೃಹವಿದೆ. ರೈಲಿನಲ್ಲಿ ಬರುವವರಿಗೆ ಸಿಎಸ್‌ಎಂಟಿಯ ವಿಶ್ರಾಂತಿ ಕೊಠಡಿಗಳು ಟಿಕೆಟ್ಟಿನ ಪಿಎನ್‌ಆರ್ ಮೇಲೆ ಸಿಗುತ್ತವೆ. ಊಟ ಸೇರಿದ ಕೋಣೆಯ ಆಸೆ ಬೇಡ. ಫೋರ್ಟಿನಲ್ಲಿ ಉಡುಪಿ ಹೋಟೆಲು ಹುಡುಕುವುದಕ್ಕೆ ಕನ್ನಡಿಗನಿಗೆ ಯಾರ ಸಹಾಯವೂ ಬೇಕಾಗುವುದಿಲ್ಲ.

ನೆಂಟರಿಗೆ ಬಾಗಿಲು ಮುಚ್ಚಿಬಿಡುವುದೇ, ನಾವು ಮನುಷ್ಯರೇ ಎಂದು ಕೇಳುವವರಿಗೆ ಒಂದು ಮಾತು. ತಿಥಿ ಹೇಳದೆ ಬರುವವನು ಅತಿಥಿ ಎಂದು ನಮ್ಮ ಹಿರಿಯರು ಪದ ಬಿಡಿಸಿ ಹೇಳುತ್ತಿದ್ದರು. ಹಡಗಿನ ಪ್ರಯಾಣಿಕ ಆರು ತಿಂಗಳ ಮೊದಲೇ ತಿಥಿ, ಗಂಟೆ, ಕ್ಯಾಬಿನ್ನಿನ ಸಂಖ್ಯೆ ಎಲ್ಲವನ್ನೂ ಗೊತ್ತುಮಾಡಿಕೊಂಡವನು. ಪರೆಲಿನ ಟಾಟಾ ಆಸ್ಪತ್ರೆಗೆಂದು ಫೈಲು ಹಿಡಿದು ಬರುವವನಿಗೆ ತಿಥಿಯೂ ಗೊತ್ತಿಲ್ಲ, ಎಷ್ಟು ದಿನವೆಂದೂ ಗೊತ್ತಿಲ್ಲ. ಅಂಥವರು ಆಸ್ಪತ್ರೆಯೆದುರಿನ ಫುಟ್‌ಪಾತಿನ ಮೇಲೆ ಮಲಗಿರುವುದನ್ನು ಈ ನಗರದಲ್ಲಿ ಯಾರು ಬೇಕಾದರೂ ನೋಡಬಹುದು. ನನ್ನ ಒಂದು ಕೋಣೆಯ ಮನೆಯಲ್ಲಿ ಒಂದು ಚಾಪೆಗೆ ಜಾಗವಿದ್ದರೆ ಅದು ಅವರಿಗೆ. ವಿಹಾರಕ್ಕೆ ಬಂದವರಿಂದ ಆ ಚಾಪೆ ತುಂಬಿಹೋದ ವಾರದಲ್ಲೇ ಊರಿನಿಂದ ಆಸ್ಪತ್ರೆಯ ಫೋನು ಬಂದು, ನಾನು ತಡವರಿಸಿ “ಮುಂದಿನ ವಾರ ಬನ್ನಿ” ಎಂದದ್ದೂ ಇದೆ. ಅದನ್ನು ಇಲ್ಲಿ ಹೆಚ್ಚು ಬರೆಯಲಾರೆ.

ನಮ್ಮ ಪ್ರೀತಿಯಲ್ಲಿ ಜಂಭವೂ ಬೆರೆತಿದೆ ಎಂಬುದನ್ನು ನಾವೇ ಒಪ್ಪಬೇಕು. ಊರಿನವರು ನಮ್ಮ ಮನೆಗೆ ಬಾರದೆ ಲಾಡ್ಜಿನಲ್ಲಿ ಉಳಿದರೆ ನಾವು ಮುಂಬಯಿಯಲ್ಲಿ ಬೆಳೆದದ್ದಕ್ಕೆ ಸಾಕ್ಷಿಯೇ ಇಲ್ಲವಾಗುತ್ತದೆ. ಆ ಸಾಕ್ಷಿಗಾಗಿ ಅವರ ನಿದ್ದೆ, ನೀರು, ಸಮಯಗಳನ್ನು ಕಸಿಯುತ್ತೇವೆ. ಬರುವವರು ಸಂಕೋಚಕ್ಕೆ ಬಗ್ಗುತ್ತಾರೆ. ಭಾವ ಬಗ್ಗಿದ ಹಾಗೆ. ಆದ್ದರಿಂದ ಮೊದಲ ಮಾತು ನಮ್ಮ ಕಡೆಯಿಂದಲೇ ಬರಬೇಕು. “ಬಂದರಿನ ಹತ್ತಿರವೇ ಕೋಣೆ ಮಾಡಿ, ಹಿಂತಿರುಗಿ ಬಂದ ಮೇಲೆ ಬೇಕಾದರೆ ನಮ್ಮಲ್ಲಿ ನಾಲ್ಕು ದಿನ ಇರಿ” ಎಂದರೆ ಯಾವ ಸಂಬಂಧವೂ ಕೆಡುವುದಿಲ್ಲ. ಅಷ್ಟಕ್ಕೇ ಕೆಡುವ ಸಂಬಂಧವಿದ್ದರೆ ಅದು ಏಳು ಜನಕ್ಕೆ ಒಂದೇ ಬಚ್ಚಲಿರುವ ಬೆಳಗಿನಲ್ಲೂ ಉಳಿಯುವುದಿಲ್ಲ.

ಈ ಫೆಬ್ರವರಿಯಲ್ಲಿ ಅಕ್ಕ, ಭಾವ ಮತ್ತೆ ಬಂದರು. ಈ ಸಲ ಕೋಣೆಯನ್ನು ನಾನೇ ಹುಡುಕಿದೆ: ಫೋರ್ಟಿನಲ್ಲಿ, ಎರಡನೆಯ ಮಹಡಿ, ನಡೆಯುವ ಲಿಫ್ಟು, ತೆರಿಗೆ ಸೇರಿ 2,940 ರೂಪಾಯಿ, ಇಪ್ಪತ್ನಾಲ್ಕು ಗಂಟೆ. ಹಿಂದಿನ ಸಂಜೆ ನಾನು, ನನ್ನ ಹೆಂಡತಿ ಲೋಕಲ್ಲಿನಲ್ಲಿ ಹೋಗಿ ಅವರೊಡನೆ ಊಟ ಮಾಡಿ ಹತ್ತರ ಗಾಡಿಗೆ ಮನೆಗೆ ಬಂದೆವು. ಮರುದಿನ ಹನ್ನೆರಡೂವರೆಗೆ ಹಡಗಿನೊಳಗಿನಿಂದ ಅಕ್ಕ ಫೋನು ಮಾಡಿದಳು. ಮೂರೇ ಜನ ಹೋದರು. ಭಾವನ ತಾಯಿ ಈ ಬಾರಿ ಹೊರಡಲಿಲ್ಲ. ಒಮ್ಮೆ ಬಾಗಿಲವರೆಗೆ ಹೋಗಿ ಬಂದದ್ದು ಸಾಕು ಎಂದರಂತೆ.