ಫ್ಲಾಪಿಯೊಡನೆ ಅದನ್ನೋದುವ ಯಂತ್ರವೂ ಉಳಿಯಬೇಕು

ಮಂಗಳೂರು ಅಚ್ಚಿನ ಊರು. ಕನ್ನಡದ ಪ್ರಥಮ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ 1843ರಲ್ಲಿ ಇಲ್ಲಿಂದಲೇ ಹೊರಟಿತು. ಕಿಟ್ಟೆಲರ ನಿಘಂಟು 1894ರಲ್ಲಿ ಇಲ್ಲಿಯ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಶತಮಾನ ಕಳೆದರೂ ಆ ನಿಘಂಟನ್ನು ಓದಲು ಕಣ್ಣು ಮತ್ತು ಅಕ್ಷರಜ್ಞಾನಗಳೆರಡೇ ಸಾಕು. ಮುಂದೆ ಅಕ್ಷರಜೋಡಣೆ ಗಣಕಯಂತ್ರಕ್ಕೆ ಸಾಗಿತು. ನಗರದ ಸಮೀಪದ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರು ಕನ್ನಡಕ್ಕೆ ಕೀಲಿಮಣೆಯನ್ನೂ ‘ಸೇಡಿಯಾಪು’ ತಂತ್ರಾಂಶವನ್ನೂ ರೂಪಿಸಿಕೊಟ್ಟರು. ಆ ಯುಗದ ಬರಹಗಳು ಸೇರಿದ್ದು ಫ್ಲಾಪಿಗಳಲ್ಲಿ. ಇವನ್ನು ಓದಲು ಕಣ್ಣು ಸಾಲದು.

ಫ್ಲಾಪಿ ಹೊಂದುವ ಯಾವ ಡ್ರೈವಾದರೂ ಅದನ್ನು ಓದಬಲ್ಲದೆಂಬ ನಂಬಿಕೆ ಸಾಮಾನ್ಯವಾಗಿದೆ. ಇದು ತಪ್ಪು. ಕಡತಕ್ಕೂ ಅಕ್ಷರಕ್ಕೂ ಮೊದಲು ತಟ್ಟೆಯ ಮೇಲೆ ಮತ್ತೊಂದು ಬರವಣಿಗೆಯಿರುತ್ತದೆ. ಟ್ರ್ಯಾಕ್ ಎಂಬ ವರ್ತುಲಗಳೆಷ್ಟು, ಪ್ರತಿ ವರ್ತುಲದಲ್ಲಿ ಸೆಕ್ಟರ್ ಎಂಬ ಖಂಡಗಳೆಷ್ಟು, ಕಾಂತೀಯ ಸಂಕೇತದ ರೀತಿ ಯಾವುದು ಎಂಬುದನ್ನು ಅದು ನಿರ್ಧರಿಸುತ್ತದೆ. ಗದ್ದೆಗೆ ಬದು ಇದ್ದಂತೆ ತಟ್ಟೆಗೆ ಈ ವಿನ್ಯಾಸ. ಒಂದೇ ಅಳತೆಯ ಐದೂಕಾಲು ಅಂಗುಲದ ತಟ್ಟೆಯಲ್ಲಿ ಐಬಿಎಂ ಪಿಸಿಯು 360 ಕಿಲೋಬೈಟ್ ತುಂಬಲು ಪಕ್ಕವೊಂದಕ್ಕೆ 40 ವರ್ತುಲ, ವರ್ತುಲಕ್ಕೆ 512 ಬೈಟುಗಳ 9 ಖಂಡಗಳನ್ನು ಹಾಕುತ್ತಿತ್ತು. 1984ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ‘ಕ್ಲಾಸ್’ ಯೋಜನೆಯ ಮೂಲಕ ಭಾರತದ ಶಾಲೆಗಳಿಗೆ ಬಂದ ಬಿಬಿಸಿ ಮೈಕ್ರೋ ಯಂತ್ರದ ಪ್ರಚಲಿತ ಕ್ರಮದಲ್ಲಿ 256 ಬೈಟುಗಳ 10 ಖಂಡಗಳು. ಸಂಕೇತದ ರೀತಿಯೂ ಬೇರೆ. ಕಮಡೋರ್ ಯಂತ್ರವಂತೂ ಹೊರಗಿನ ಉದ್ದ ವರ್ತುಲಗಳಿಗೆ 21, ಒಳಗಿನ ಕಿರಿಯವುಗಳಿಗೆ 17 ಖಂಡಗಳನ್ನು ಹಂಚುತ್ತಿತ್ತು. ಒಂದರ ಬರಹ ಮತ್ತೊಂದಕ್ಕೆ ಅರ್ಥಹೀನ ಗದ್ದಲ.

ಒಂದೇ ಕುಲದ ಯಂತ್ರಗಳಲ್ಲಿಯೂ ಅಪಾಯ ತಪ್ಪಿದ್ದಲ್ಲ. 1984ರ ಪಿಸಿ ಎಟಿಯೊಡನೆ ಬಂದ 1.2 ಮೆಗಾಬೈಟ್ ಡ್ರೈವಿನಲ್ಲಿ 80 ವರ್ತುಲಗಳು. ಅದರ ಲೇಖನಿಯ ಮೊನೆ ಕಿರಿದು. ಹಳೆಯ 360ರ ತಟ್ಟೆಯ ಮೇಲೆ ಅದು ತಿದ್ದಿ ಬರೆದರೆ, ಅಗಲವಾದ ಹಳೆಯ ಬರಹದ ಅಂಚು ಅಳಿಯದೆ ಉಳಿಯುತ್ತದೆ. ಮೂಲ ಡ್ರೈವು ಎರಡನ್ನೂ ಒಟ್ಟಿಗೆ ಕಂಡು ಓದಲು ತಡವರಿಸುತ್ತದೆ.

ಇಂತಹ ಸಮಯದಲ್ಲಿ ಗಣಕವು “ಈ ತಟ್ಟೆ ಫಾರ್ಮ್ಯಾಟ್ ಆಗಿಲ್ಲ, ಈಗ ಮಾಡಲೇ?” ಎಂದು ಕೇಳುವುದುಂಟು. ಭಾಷೆ ತಿಳಿಯದವನು ಓಲೆಗರಿಯನ್ನು ಖಾಲಿಯೆಂದು ಭಾವಿಸಿದಂತೆ ಈ ಪ್ರಶ್ನೆ. ಹೌದೆಂದು ಉತ್ತರಿಸಿದ ಕ್ಷಣವೇ, ಓದಲಾಗದಿದ್ದ ಬರಹವು ಇಲ್ಲದ ಬರಹವಾಗುತ್ತದೆ.

ಆದುದರಿಂದ ಮಂಗಳೂರಿನ ಮುದ್ರಣಾಲಯ, ಶಾಲೆ, ಸಂಘಸಂಸ್ಥೆಗಳಲ್ಲಿ ಹಳೆಯ ಫ್ಲಾಪಿಗಳಿದ್ದರೆ ಮಾಡಬೇಕಾದುದು ಸ್ಪಷ್ಟ. ತಟ್ಟೆಗೆ ಬರೆಯದಂತೆ ತಡೆಹಾಕಬೇಕು. ಬರೆದ ಯಂತ್ರ ಯಾವುದೆಂದು ಹೊದಿಕೆಯ ಮೇಲೆ ನಮೂದಿಸಬೇಕು. ಹಳೆಯ ಡ್ರೈವನ್ನು ಗುಜರಿಗೆ ಕೊಡಬಾರದು. ಖಂಡಗಳ ಗೊಡವೆಗೆ ಹೋಗದೆ ಕಾಂತೀಯ ಏರಿಳಿತವನ್ನೇ ಇದ್ದಂತೆ ನಕಲು ಮಾಡಿಕೊಳ್ಳುವ ಗ್ರೀಸ್‌ವೀಝಲ್‌ನಂತಹ ಸಾಧನಗಳು ಇಂದು ದೊರೆಯುತ್ತವೆ. ಆದರೆ ಅವಕ್ಕೂ ತಟ್ಟೆಯನ್ನು ತಿರುಗಿಸಲು ಡ್ರೈವು ಬೇಕೇ ಬೇಕು.

ಕಾಲವಾದರೋ ಕಾಯುವುದಿಲ್ಲ. ಕರಾವಳಿಯ ತೇವಾಂಶದಲ್ಲಿ ತಟ್ಟೆಗೆ ಬೂಷ್ಟು ಹಿಡಿಯುತ್ತದೆ. ಸೋನಿ ಸಂಸ್ಥೆ 2011ರಲ್ಲಿಯೇ ಫ್ಲಾಪಿಯ ಮಾರಾಟವನ್ನು ನಿಲ್ಲಿಸಿತು. ಹಿರಿಯರು ಓಲೆಗರಿಯನ್ನು ಕಾಪಾಡಿದ್ದಲ್ಲದೆ ಅದನ್ನೋದಬಲ್ಲ ಶಿಷ್ಯರನ್ನೂ ಬೆಳೆಸಿದರು. ಫ್ಲಾಪಿಯ ವಿಷಯದಲ್ಲಿ ಆ ಶಿಷ್ಯನ ಸ್ಥಾನ ಡ್ರೈವಿನದು. ತಟ್ಟೆಯನ್ನು ಜೋಪಾನವಾಗಿಟ್ಟು ಡ್ರೈವನ್ನು ಎಸೆಯುವುದೆಂದರೆ, ಗ್ರಂಥವನ್ನುಳಿಸಿಕೊಂಡು ಅಕ್ಷರವಿದ್ಯೆಯನ್ನು ತೊರೆದಂತೆ.