ಸದ್ದು ಜೋರಾಯ್ತು, ಗಾಡಿ ಜೋರಾಯ್ತಾ?

ಹಬ್ಬಕ್ಕೆ ಊರಿಗೆ ಬರುವ ಹುಡುಗರ ಕಾರಿನ ಬಾನೆಟ್ ಎತ್ತಿಸಿ ನೋಡಿ. ಕೆಲವರ ಕಾರಿನಲ್ಲಿ ಕಂಪನಿಯವರು ಕೂರಿಸಿದ್ದ ಏರ್ ಫಿಲ್ಟರಿನ ಕರಿ ಡಬ್ಬಿ ಇರುವುದೇ ಇಲ್ಲ. ಅದರ ಜಾಗದಲ್ಲಿ ಅಣಬೆ ಥರದ ಕೆಂಪು ಫಿಲ್ಟರ್, ಫಳಫಳ ಹೊಳೆಯುವ ಒಂದು ಪೈಪು. ಕೇಳಿದರೆ "ಹತ್ತು ಹದಿನೈದು ಎಚ್‌ಪಿ ಜಾಸ್ತಿಯಾಗಿದೆ ಅಣ್ಣ" ಅಂತಾರೆ. ಅಳೆದವರು ಯಾರಪ್ಪಾ ಅಂದರೆ ಉತ್ತರ ಇಲ್ಲ.

ಸ್ಪೋರ್ಟ್ಸ್ ಕಾರುಗಳ ವಿಡಿಯೋ ನೋಡಿ ಹತ್ತಿದ ಚಟ ಇದು. ಈಗ ಸ್ವಿಫ್ಟು, ಪೋಲೊ ದಾಟಿ ಬೈಕಿಗೂ ಬಂದಿದೆ. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ: ಟರ್ಬೊ ಇಲ್ಲದ, ದಿನಾ ರಸ್ತೆ ಮೇಲೆ ಓಡುವ ಗಾಡಿಗೆ ಇದರಿಂದ ಸಿಗುವುದು ಸದ್ದು. ಸ್ಪೀಡಲ್ಲ.

ಎಂಜಿನ್ನಿಗೆ ಗಾಳಿ ಬೇಕು ಅನ್ನುವುದೇನೋ ನಿಜ. 1.2 ಲೀಟರಿನ ಎಂಜಿನ್ 6,000 ಆರ್‌ಪಿಎಂನಲ್ಲಿ ಫುಲ್ ಎಕ್ಸಲೇಟರ್ ಕೊಟ್ಟಾಗ ನಿಮಿಷಕ್ಕೆ ಸುಮಾರು 3,600 ಲೀಟರ್ ಗಾಳಿ ಎಳೆಯುತ್ತದೆ. ಮನೆ ಮೇಲಿನ ಸಾವಿರ ಲೀಟರಿನ ಟ್ಯಾಂಕು ಮೂರೂವರೆ ಸಲ ಖಾಲಿಯಾದಷ್ಟು. ಆದರೆ ನಾವು ಹಾಗೆ ಎಷ್ಟು ಹೊತ್ತು ಓಡಿಸುತ್ತೇವೆ? ಊರಿಂದ ತಾಲ್ಲೂಕಿಗೆ ಹೋಗುವಾಗ ಎಕ್ಸಲೇಟರ್ ಕಾಲು ಭಾಗ ಒತ್ತಿದರೆ ಹೆಚ್ಚು. ಆಗ ಗಾಳಿಯನ್ನು ತಡೆಯುತ್ತಿರುವುದು ಥ್ರಾಟಲ್ಲಿನ ಬಾಗಿಲು, ಫಿಲ್ಟರ್ ಅಲ್ಲ. ಕೆರೆ ತೂಬನ್ನು ಮುಕ್ಕಾಲು ಮುಚ್ಚಿಟ್ಟು ಕೆರೆಗೆ ನೀರು ತರುವ ಹಳ್ಳ ಅಗಲ ಮಾಡಿಸಿದರೆ ಗದ್ದೆಗೆ ನೀರು ಜಾಸ್ತಿ ಬರುತ್ತದಾ?

ಫುಲ್ ಎಕ್ಸಲೇಟರ್ ಕೊಟ್ಟಾಗಲೂ, ಚೊಕ್ಕಟವಾಗಿರುವ ಕಂಪನಿ ಫಿಲ್ಟರ್ ತಡೆಯುವುದು ಬಹಳ ಕಮ್ಮಿ. ಅದಕ್ಕಿಂತ ದೊಡ್ಡ ವಿಷಯ ಗಾಳಿಯ ಬಿಸಿ. ಕಂಪನಿಯವರು ಸಾಮಾನ್ಯವಾಗಿ ಗಾಳಿಯನ್ನು ಗ್ರಿಲ್ಲಿನ ಹತ್ತಿರದಿಂದಲೋ ಚಕ್ರದ ಮೇಲಿನ ಫೆಂಡರ್ ಒಳಗಿಂದಲೋ ಎಳೆದುಕೊಂಡಿರುತ್ತಾರೆ. ಅದು ಹೊರಗಿನ ತಣ್ಣನೆ ಗಾಳಿ. ಬರೀ ಅಣಬೆ ಫಿಲ್ಟರ್ ಹಾಕಿದರೆ ಎಂಜಿನ್ ಉಸಿರಾಡುವುದು ಬಾನೆಟ್ ಒಳಗಿನ ಬಿಸಿ ಗಾಳಿಯನ್ನು. ಹೊರಗೆ 35 ಡಿಗ್ರಿ ಇದ್ದು ಒಳಗೆ 55 ಡಿಗ್ರಿ ಇದ್ದರೆ, ಅಷ್ಟೇ ಜಾಗದಲ್ಲಿ ಹಿಡಿಯುವ ಗಾಳಿಯ ತೂಕ ಶೇಕಡ 6ರಷ್ಟು ಇಳಿಯುತ್ತದೆ. ಗಾಳಿ ಇಳಿದರೆ ಪವರೂ ಇಳಿಯುತ್ತದೆ. ದುಡ್ಡು ಕೊಟ್ಟು ಪವರ್ ಕಳಕೊಂಡ ಹಾಗೆ!

"ಡೈನೋ ಮೇಲೆ ಹಾಕಿ ತೋರಿಸಿದ್ದಾರಲ್ಲ" ಅನ್ನುವವರಿದ್ದಾರೆ. ಡೈನೋ ಅಂದರೆ ಚಕ್ರದ ಪವರ್ ಅಳೆಯುವ ಯಂತ್ರ. ಆ ವಿಡಿಯೋಗಳನ್ನು ಇನ್ನೊಂದು ಸಲ ನೋಡಿ. ಎಷ್ಟೋ ಸಲ ಬಾನೆಟ್ ತೆರೆದಿರುತ್ತದೆ, ಮುಂದೆ ದೊಡ್ಡ ಫ್ಯಾನ್ ತಿರುಗುತ್ತಿರುತ್ತದೆ. ನೀವು ಬಾನೆಟ್ ತೆರೆದುಕೊಂಡು ಸಂತೆಗೆ ಹೋಗುತ್ತೀರಾ? ಅದೂ ಅಲ್ಲದೆ, ಏನೂ ಬದಲಾಯಿಸದೆ ಒಂದೇ ಕಾರನ್ನು ಎರಡು ಸಲ ಅಳೆದರೂ ಲೆಕ್ಕ ಒಂದೆರಡು ಎಚ್‌ಪಿ ಆಚೆ ಈಚೆ ಆಗುವುದುಂಟು.

ಹಾಗಾದರೆ ಎಲ್ಲರಿಗೂ ಪಿಕಪ್ ಹೆಚ್ಚಾದಂತೆ ಅನಿಸುವುದು ಯಾಕೆ? ಆ ಕರಿ ಡಬ್ಬಿ ಗಾಳಿ ಎಳೆಯುವ ಸದ್ದನ್ನೂ ಅಡಗಿಸುತ್ತದೆ. ಡಬ್ಬಿ ತೆಗೆದರೆ ಎಂಜಿನ್ ಬುಸುಗುಡುತ್ತದೆ, ಕಿವಿ ಅದನ್ನೇ ಸ್ಪೀಡ್ ಅಂದುಕೊಳ್ಳುತ್ತದೆ.

ಟರ್ಬೊ ಕಾರಿನ ಮಾತು ಬೇರೆ. ಅಲ್ಲಿ ದಾರಿ ಸಲೀಸಾದರೆ ಟರ್ಬೊಗೆ ಅನುಕೂಲ. ಇಸಿಯುನಲ್ಲಿ ಪೆಟ್ರೋಲ್, ಬೂಸ್ಟ್ ಲೆಕ್ಕವನ್ನೂ ತಿದ್ದಿಸಿ, ತಣ್ಣನೆ ಗಾಳಿ ಬರುವ ಹಾಗೆ ಮುಚ್ಚಿದ ಡಬ್ಬಿಯಲ್ಲಿ ಫಿಲ್ಟರ್ ಕೂರಿಸಿ, ಟ್ರ್ಯಾಕಿನಲ್ಲಿ ಓಡಿಸುವವರಿಗೆ ಲಾಭ ಇದೆ. ಇದನ್ನು ಒಪ್ಪುತ್ತೇವೆ. ಅಂಥವರು ನಮ್ಮ ಹೋಬಳಿಯಲ್ಲಿ ಎಷ್ಟು ಮಂದಿ?

ನಮಗೆ ಹೊಟ್ಟೆ ಉರಿಯುವುದು ಧೂಳಿನ ವಿಷಯಕ್ಕೆ. ಗಾಳಿ ಸಲೀಸಾಗಿ ನುಗ್ಗುವ ಫಿಲ್ಟರಿನಲ್ಲಿ ಸಣ್ಣ ಧೂಳೂ ನುಗ್ಗುವ ಭಯ ಹೆಚ್ಚು. ಅಗ್ಗದ ನಕಲಿ ಮಾಲಾದರೆ ಕೇಳುವುದೇ ಬೇಡ. ನಮ್ಮ ಗುಂಪಿನ ಒಬ್ಬ ಹಳೇ ಕಾರ್ಬೊರೇಟರ್ ಬೈಕಿಗೆ ಇಂಥದ್ದೇ ಕೋನ್ ಫಿಲ್ಟರ್ ಹಾಕಿಸಿ ಸಂಡೂರಿನ ಅದಿರು ಲಾರಿಗಳ ಹಿಂದೆ ಓಡಾಡಿದ. ಆ ಕೆಂಪು ಧೂಳು ಕಂಡವರಿಗೇ ಗೊತ್ತು. ಒಂದು ಮುಂಗಾರಿನಿಂದ ಇನ್ನೊಂದು ಮುಂಗಾರಿನೊಳಗೆ ಸೈಲೆನ್ಸರಿನಲ್ಲಿ ನೀಲಿ ಹೊಗೆ. ಬಿಚ್ಚಿಸಿದರೆ ರಿಂಗ್ ಸವೆದಿತ್ತು, ಬೋರಿನಲ್ಲಿ ಗೀರುಗಳು. ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಬೇಕಾಯ್ತು. ಕಾರ್ಬೊರೇಟರ್ ಗಾಡಿಯಲ್ಲಿ ಇನ್ನೊಂದು ಅಪಾಯವೂ ಇದೆ. ಗಾಳಿ ಹೆಚ್ಚಾಗಿ ಜೆಟ್ ಬದಲಾಯಿಸದೆ ಬಿಟ್ಟರೆ ಪೆಟ್ರೋಲ್ ಕಮ್ಮಿಯಾಗಿ ಎಂಜಿನ್ ವಿಪರೀತ ಕಾಯುತ್ತದೆ. ಆರ್‌ಎಕ್ಸ್ 100ರಂಥ ಟೂ ಸ್ಟ್ರೋಕ್ ಆದರೆ ಸೀಜ್ ಆಗುವವರೆಗೂ ಹೋಗಬಹುದು.

ಪಿಕಪ್ ಬೇಕೇ ಬೇಕು ಅನ್ನುವವರು ಮೊದಲು ಕಂಪನಿ ಫಿಲ್ಟರನ್ನೇ ಬಿಚ್ಚಿ ನೋಡಿ. ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯದವರು 2009ರಲ್ಲಿ ಪರೀಕ್ಷೆ ಮಾಡಿದ್ದರು. ಪೂರಾ ಕಟ್ಟಿಕೊಂಡ ಫಿಲ್ಟರ್ ತೆಗೆದು ಹೊಸದು ಹಾಕಿದಾಗ, ಈಗಿನ ಇಂಜೆಕ್ಷನ್ ಕಾರುಗಳಲ್ಲಿ ಮೈಲೇಜ್ ಹೆಚ್ಚಲಿಲ್ಲ, ಆದರೆ ಪಿಕಪ್ ಶೇಕಡ 6ರಿಂದ 11ರಷ್ಟು ಸುಧಾರಿಸಿತು. ನಮ್ಮ ರಸ್ತೆಗಳಲ್ಲಿ ಫಿಲ್ಟರ್ ಕಟ್ಟಿಕೊಳ್ಳಲು ಬಹಳ ದಿನ ಬೇಕಿಲ್ಲ. ಹೊಸ ಕಾಗದದ ಫಿಲ್ಟರಿಗೆ ಕೆಲವು ನೂರು ರೂಪಾಯಿ, ಆ ಹೊಳೆಯುವ ಪೈಪಿಗೆ ಸಾವಿರಗಟ್ಟಲೆ. ಕಂಪ್ರೆಸರ್ ಗಾಳಿ ಜೋರಾಗಿ ಬಿಟ್ಟು ಕ್ಲೀನ್ ಮಾಡಿಸಬೇಡಿ, ಕಾಗದ ಹರಿಯುತ್ತದೆ.

ಇಷ್ಟು ಹೇಳಿದ ಮೇಲೂ ಹಾಕಿಸಲೇಬೇಕು ಅಂತಿದ್ದರೆ, ಮಾರುವವರಿಗೆ ಒಂದೇ ಷರತ್ತು ಹಾಕಿ: ಅದೇ ಗಾಡಿ, ಅದೇ ದಿನ, ಬಾನೆಟ್ ಮುಚ್ಚಿ, ಹಾಕುವ ಮೊದಲು ಮೂರು ಸಲ, ಹಾಕಿದ ಮೇಲೆ ಮೂರು ಸಲ ಅಳೆದು ತೋರಿಸಲಿ. ಬಿಚ್ಚಿದ ಹಳೇ ಡಬ್ಬಿಯನ್ನು ಮಾತ್ರ ಗುಜರಿಗೆ ಹಾಕಬೇಡಿ. ನಮ್ಮ ಗೆಳೆಯ ಹಾಕಿದ್ದ. ಆಮೇಲೆ ಅದನ್ನು ಹುಡುಕಿಕೊಂಡು ಹೊಸಪೇಟೆ, ಬಳ್ಳಾರಿ ಎಲ್ಲ ಸುತ್ತಿದ.