ಕಣ್ಣು ಕುಕ್ಕುವ ಹೆಡ್‌ಲೈಟ್: ದಂಡ ಸವಾರನಿಗೆ, ಲಾಭ ಯಾರಿಗೆ?

2024ರ ಜುಲೈ 1ರಿಂದ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ ಕೇಸು ಹಾಕಲು ಶುರು ಮಾಡಿದಾಗ ಬೈಕ್ ಸವಾರರು ಎರಡು ಗುಂಪಾದರು. 'ಒಳ್ಳೇದೇ ಆಯ್ತು, ಎದುರಿಂದ ಬರೋರ ಲೈಟಿಗೆ ರಸ್ತೆನೇ ಕಾಣಲ್ಲ' ಅನ್ನುವವರು ಒಂದು ಕಡೆ. 'ಬೀದಿದೀಪ ಇಲ್ಲ, ಗುಂಡಿ ಕಾಣಲ್ಲ, ಜೀವ ಉಳಿಸ್ಕೊಳ್ಳೋಕೆ ಲೈಟ್ ಹಾಕ್ಸಿದ್ರೆ ಅದಕ್ಕೂ ಫೈನಾ?' ಅನ್ನುವವರು ಇನ್ನೊಂದು ಕಡೆ. ಇಬ್ಬರ ಮಾತಿನಲ್ಲೂ ಸತ್ಯ ಇದೆ. ಈ ಜಗಳದಲ್ಲಿ ಕಾಣದೇ ಉಳಿದವರು ಮಾತ್ರ ಬೇರೆಯವರು.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸೋಣ. ಎಂಜಿನಿಯರಿಂಗ್ ಓದಿದವನಾಗಿ ನಾನು ಹೇಳಬಹುದಾದದ್ದು ಇಷ್ಟು: ಹೆಡ್‌ಲೈಟ್ ಅಂದರೆ ಬರೀ ಬಲ್ಬ್ ಅಲ್ಲ. ಹ್ಯಾಲೊಜೆನ್ ಬಲ್ಬಿನೊಳಗಿನ ಸಣ್ಣ ತಂತಿ ಎಲ್ಲಿದೆ ಎಂಬ ಲೆಕ್ಕದ ಮೇಲೆಯೇ ಹಿಂದಿನ ರಿಫ್ಲೆಕ್ಟರ್ ರೂಪುಗೊಂಡಿರುತ್ತದೆ. ಡಿಮ್ ತಂತಿಯ ಕೆಳಗೆ ಒಂದು ಪುಟ್ಟ ಲೋಹದ ಬಟ್ಟಲಿರುತ್ತದೆ. ಬೆಳಕು ಎದುರಿನವರ ಕಣ್ಣಿಗೆ ಏರದಂತೆ ತಡೆಯುವುದು ಅದೇ. ಅಗ್ಗದ ಎಲ್‌ಇಡಿ ಬಲ್ಬನ್ನು ಅದೇ ಹೋಲ್ಡರಿಗೆ ತುರುಕಿದರೆ ಬೆಳಕು ಹುಟ್ಟುವ ಜಾಗವೂ ಆಕಾರವೂ ಬದಲಾಗುತ್ತದೆ. ಹತ್ತಿರದ ನೆಲ ಬೆಳ್ಳಗೆ ಹೊಳೆಯುತ್ತದೆ, ನಮಗೆ 'ಸೂಪರ್' ಅನ್ನಿಸುತ್ತದೆ. ಉಳಿದ ಬೆಳಕು ದಿಕ್ಕೆಟ್ಟು ಎದುರಿನವರ ಮುಖಕ್ಕೆ ಹೋಗುತ್ತದೆ. ಚಾರ್ಮಾಡಿಯ ಮಂಜಿನಲ್ಲಾದರೆ ತಿರುಗಿ ನಮ್ಮ ಕಣ್ಣಿಗೇ ಬಡಿಯುತ್ತದೆ.

ಜಾಸ್ತಿ ವ್ಯಾಟಿನ ಬಲ್ಬ್ ಇನ್ನೊಂದು ಅಪಾಯ. 35 ವ್ಯಾಟಿಗೆ ಹಾಕಿದ ವೈರಿನಲ್ಲಿ ಸುಮಾರು 3 ಆಂಪಿಯರ್ ಹರಿಯುತ್ತದೆ. ಅದೇ ವೈರಿಗೆ 100 ವ್ಯಾಟಿನ ಬಲ್ಬ್ ಸಿಕ್ಕಿಸಿದರೆ 8 ಆಂಪಿಯರ್ ದಾಟುತ್ತದೆ. ವೈರಿನ ಬಿಸಿ ಮೂರು ಪಟ್ಟಲ್ಲ, ಸುಮಾರು ಎಂಟು ಪಟ್ಟಾಗುತ್ತದೆ. ಹೋಲ್ಡರ್ ಕರಗುವುದು ಹೀಗೆ.

ಕಾನೂನು ಏನನ್ನುತ್ತದೆ? 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮದ ಪ್ರಕಾರ, ಮುಂದಿನ ದೀಪದ ಬೆಳಕು ಕೆಳಮುಖವಾಗಿರಬೇಕು. 8 ಮೀಟರ್ ದೂರದಲ್ಲಿ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಅದು ಕುಕ್ಕಬಾರದು. 111ನೇ ನಿಯಮ ಅನುಮತಿಯಿಲ್ಲದೆ ಸ್ಪಾಟ್‌ಲೈಟ್ ಹಾಕುವುದನ್ನು ತಡೆಯುತ್ತದೆ. 'ಆರ್‌ಸಿಯಲ್ಲಿ ಬಲ್ಬಿನ ಹೆಸರೇ ಇಲ್ವಲ್ಲ' ಅನ್ನುವ ವಾದದ ಮೇಲೆ ಜಾಸ್ತಿ ಭರವಸೆ ಇಡಬೇಡಿ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದೇ ವರ್ಷ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ.

ಹಾಗಾದರೆ ಕಾನೂನಿನೊಳಗೇ ಏನೂ ಮಾಡೋಕಾಗಲ್ವಾ? ಆಗುತ್ತೆ. ಹ್ಯಾಲೊಜೆನ್ ಬಲ್ಬಿಗೆ ಸಿಗುವ ವೋಲ್ಟೇಜ್ ಶೇ 10ರಷ್ಟು ಕಡಿಮೆಯಾದರೆ ಬೆಳಕು ಶೇ 30ರಷ್ಟು ಬೀಳುತ್ತದೆ. ಅಂದರೆ ತುಕ್ಕು ಹಿಡಿದ ಕನೆಕ್ಟರ್, ಸಡಿಲವಾದ ಅರ್ತ್ ವೈರ್ ಸರಿ ಮಾಡಿಸಿದರೇ ಅರ್ಧ ಸಮಸ್ಯೆ ಹೋಗಬಹುದು. ಮಸುಕಾದ ಗಾಜು, ಹೊಳಪು ಹೋದ ರಿಫ್ಲೆಕ್ಟರ್ ಇದ್ದರೆ ಕಂಪನಿಯದ್ದೇ ಹೊಸದು ಹಾಕಿಸಿ. ಬಲ್ಬ್ ಬದಲಿಸಿದರೆ ಅದೇ ಮಾದರಿ, ಅದೇ ವ್ಯಾಟ್ ಇರಲಿ. ಆಮೇಲೆ ಗೋಡೆಯಿಂದ 5 ಮೀಟರ್ ದೂರ ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಮೇಲೆ ಕೂತು ಡಿಮ್ ಹಾಕಿ. ಬೆಳಕಿನ ಮೇಲಿನ ಅಂಚು ಹೆಡ್‌ಲೈಟಿನ ನಡುಮಟ್ಟಕ್ಕಿಂತ ಸುಮಾರು 5 ಸೆಂಟಿಮೀಟರ್ ಕೆಳಗಿರಬೇಕು. ಹಿಂದೆ ಒಬ್ಬರು ಕೂತರೆ ಅಂಚು ಮೇಲೇಳುತ್ತದೆ, ಅದನ್ನೂ ನೋಡಿ. ಇಷ್ಟಕ್ಕೆ ಬೇಕಿರೋದು ಒಂದು ಸ್ಕ್ರೂ ಡ್ರೈವರ್.

ಆದರೆ ಇದನ್ನು ಯಾರಾದರೂ ತಪಾಸಣೆ ಮಾಡ್ತಾರಾ? ಆಟೊ, ಟ್ಯಾಕ್ಸಿ, ಲಾರಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಫ್‌ಸಿ ಮಾಡಿಸಬೇಕು. ನಮ್ಮ ಸ್ವಂತ ಬೈಕಿಗೆ? ನೋಂದಣಿಯ ಅವಧಿ 15 ವರ್ಷ. ಅಲ್ಲಿಯವರೆಗೆ ಎಮಿಷನ್ ಟೆಸ್ಟ್ ಬಿಟ್ಟರೆ ಬೇರೆ ಕಡ್ಡಾಯ ಪರೀಕ್ಷೆ ಇಲ್ಲ. ಹೊಗೆ ನೋಡುವವರು ಬೆಳಕು ನೋಡುವುದಿಲ್ಲ. 2017ರ ಏಪ್ರಿಲ್‌ನಿಂದ ಹೊಸ ಬೈಕುಗಳ ಹೆಡ್‌ಲೈಟ್ ಹಗಲಲ್ಲೂ ಉರಿಯುವುದು ಕಡ್ಡಾಯವಾಯಿತು. ಆ ಬೆಳಕು ಎತ್ತ ಬೀಳುತ್ತದೆ ಎಂದು ಕೇಳುವ ವ್ಯವಸ್ಥೆ ಮಾತ್ರ ಬರಲಿಲ್ಲ. ಉಳಿದಿರುವುದು ರಾತ್ರಿ ಸರ್ಕಲ್ಲಿನಲ್ಲಿ ನಿಂತ ಕಾನ್‌ಸ್ಟೇಬಲ್ಲಿನ ಕಣ್ಣಂದಾಜು.

ಇನ್ನು ಕಾಣದೇ ಉಳಿದವರ ವಿಷಯ. ಸುರಕ್ಷತೆಗೆ ನಿರ್ಣಾಯಕ ಎಂದು ಕೇಂದ್ರ ಸರ್ಕಾರ ಅಧಿಸೂಚಿಸಿದ ಬಿಡಿಭಾಗವನ್ನು ಮಾನದಂಡಕ್ಕೆ ಹೊಂದದಂತೆ ಮಾರಿದರೆ ಒಂದು ವರ್ಷದವರೆಗೆ ಜೈಲು ಅಥವಾ ಪ್ರತಿ ಬಿಡಿಭಾಗಕ್ಕೆ 1 ಲಕ್ಷ ರೂಪಾಯಿ ದಂಡ ಅಂತ ಅದೇ 182ಎ ಸೆಕ್ಷನ್ ಹೇಳುತ್ತದೆ. ಆದರೂ ಆಕ್ಸೆಸರಿ ಅಂಗಡಿಗಳಲ್ಲಿ, ಆನ್‌ಲೈನ್‌ನಲ್ಲಿ ಈ ಬಲ್ಬುಗಳು ರಾಜಾರೋಷವಾಗಿ ಸಿಗುತ್ತವೆ. ಕೆಲವು ಡಬ್ಬಿಗಳ ಮೂಲೆಯಲ್ಲಿ 'ಆಫ್‌ರೋಡ್ ಬಳಕೆಗೆ ಮಾತ್ರ' ಅಂತ ಸಣ್ಣಕ್ಷರ ಇದ್ದರೆ ಮಾರುವವರ ಜವಾಬ್ದಾರಿ ಮುಗಿಯಿತು. ರಾತ್ರಿ ಹನ್ನೊಂದಕ್ಕೆ ದೀಪವಿಲ್ಲದ ಲೇಔಟಿನಲ್ಲಿ ಊಟ ತಲುಪಿಸುವ ಡೆಲಿವರಿ ಹುಡುಗ ಅದನ್ನು ಕೊಳ್ಳುತ್ತಾನೆ. 177ನೇ ಸೆಕ್ಷನ್ನಿನಡಿ 500 ರೂಪಾಯಿ ಕಟ್ಟುವವನೂ ಅವನೇ. ಬೀದಿದೀಪ ಹಾಕದ ಪಾಲಿಕೆಗೆ ರಸೀದಿ ಹರಿಯುವವರು ಯಾರೂ ಇಲ್ಲ.

ಹಾಗಂತ ಸವಾರನ ತಪ್ಪು ತಪ್ಪಲ್ಲ ಅಂತಲ್ಲ. ಎದುರಿನ ಸೈಕಲ್ಲಿನವನಿಗೆ, ರಸ್ತೆ ದಾಟುವ ಅಜ್ಜಿಗೆ ಕಣ್ಣು ಕತ್ತಲೆ ಕಟ್ಟಿಸುವ ಹಕ್ಕು ಯಾರಿಗೂ ಇಲ್ಲ. ಆದರೆ ಬೇಡ ಅನ್ನುವ ಸರ್ಕಾರ, ಬೇಕಾದವರಿಗೆ ಸರಿಯಾದ ದಾರಿಯನ್ನೂ ತೋರಿಸಬೇಕು. ಜರ್ಮನಿ 2020ರಲ್ಲಿ ಹ್ಯಾಲೊಜೆನ್ ಬದಲಿಗೆ ಹಾಕುವ ಎಲ್‌ಇಡಿ ಬಲ್ಬೊಂದಕ್ಕೆ ಅನುಮತಿ ಕೊಟ್ಟಿತು. ಆದರೆ ಪರೀಕ್ಷಿಸಿ ಪಟ್ಟಿ ಮಾಡಿದ ವಾಹನಗಳಿಗೆ ಮಾತ್ರ. ನಮ್ಮಲ್ಲೂ ಅಂಥ ಪಟ್ಟಿ ಬರಲಿ. ಹೆಡ್‌ಲೈಟ್ ಬಲ್ಬ್ ಮಾರುವವರ ಮೇಲೆ 182ಎ ಸ್ಪಷ್ಟವಾಗಿ ಅನ್ವಯವಾಗಲಿ. ಎಮಿಷನ್ ಕೇಂದ್ರದ ಗೋಡೆಯ ಮೇಲೆ ಒಂದು ಗೆರೆ ಎಳೆದು, ಬೆಳಕಿನ ಕೋನವನ್ನೂ ಅಲ್ಲೇ ನೋಡಲಿ. ಅದಕ್ಕೆ ತಗಲುವ ಖರ್ಚು ಒಂದು ಡಬ್ಬಿ ಬಣ್ಣದ್ದು.